ಲ್ಯಾಬ್ರಡಾರ್ ಮರಿ: ಆರಿಸುವಾಗ ಏನು ನೋಡಬೇಕು, ಮನೆಗೆ ತಂದ ಮೇಲೆ ಅದರ ಹುರುಪಿಗೆ ಏನು ಮಾಡಬೇಕು

ನನ್ನ ಮೊದಲ ಲ್ಯಾಬ್ರಡಾರನ್ನು ನಾನು ಆರಿಸಲಿಲ್ಲ, ಅದೇ ನನ್ನನ್ನು ಆರಿಸಿತು ಅಂತ ತುಂಬಾ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಏಳು ಮರಿಗಳಿದ್ದವು. ಒಂದು ಮಾತ್ರ ಉಳಿದವನ್ನು ತುಳಿದುಕೊಂಡು ಓಡಿ ಬಂದು ನನ್ನ ಶೂ ಲೇಸ್ ಹಿಡಿದು ಎಳೆಯಿತು. ಮನಸ್ಸು ಕರಗಿತು, ಎತ್ತಿಕೊಂಡು ಬಂದೆ. ಮುಂದಿನ 2 ವರ್ಷ ಅದು ಲೇಸ್, ಕರ್ಟನ್, ಒಣಗಲು ಹಾಕಿದ ಬಟ್ಟೆ, ಸೋಫಾದ ಮೂಲೆ, ಮನೆಗೆ ಬಂದವರ ಕೈಚೀಲ ಎಲ್ಲವನ್ನೂ ಎಳೆಯಿತು. ಮರಿಯ ತಪ್ಪೇನಿಲ್ಲ. ತಾನು ಎಂಥ ಮರಿ ಅಂತ ಅದು ಮೊದಲ ನಿಮಿಷದಲ್ಲೇ ತೋರಿಸಿಕೊಟ್ಟಿತ್ತು. ನಾನು ಅದನ್ನು ಪ್ರೀತಿ ಅಂದುಕೊಂಡೆ, ಅಷ್ಟೇ.

ಎರಡನೇ ಲ್ಯಾಬ್ ತರುವ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಮೊದಲನೆಯದರಿಂದ ಪೆಟ್ಟು ತಿಂದು ಕಲಿತದ್ದು, ಎರಡನೆಯದರಲ್ಲಿ ಮಾಡಿ ನೋಡಿದ್ದು, ಎರಡನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಇದು ಯಾವ ಕೆಲಸದ ನಾಯಿ ಅಂತ ತಿಳಿದುಕೊಳ್ಳಿ

ಹೆಸರು ಲ್ಯಾಬ್ರಡಾರ್ ಅನ್ನುವ ಪ್ರದೇಶದ್ದಾದರೂ ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ದೋಣಿಯಲ್ಲಿದ್ದು, ಕೊರೆಯುವ ನೀರಿಗೆ ಹಾರಿ, ಹಗ್ಗವನ್ನೂ ತಪ್ಪಿಸಿಕೊಂಡ ಮೀನನ್ನೂ ಬಾಯಲ್ಲಿ ಹಿಡಿದು ತರುತ್ತಿದ್ದ ನಾಯಿಗಳ ಸಂತತಿ ಇದು. 19ನೇ ಶತಮಾನದಲ್ಲಿ ಅವು ಬ್ರಿಟನ್‌ಗೆ ಹೋದವು. ಹೊಡೆದು ಬೀಳಿಸಿದ ಹಕ್ಕಿಯನ್ನು ಹಲ್ಲು ನಾಟದ ಹಾಗೆ ತಂದುಕೊಡುವ ಕೆಲಸಕ್ಕೆ ಬೇಟೆಗಾರರು ಅವನ್ನು ಪಳಗಿಸಿದರು. ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಕೆನಲ್ ಕ್ಲಬ್ 1903ರಲ್ಲಿ ಇದನ್ನು ಬೇರೆಯೇ ತಳಿ ಅಂತ ಒಪ್ಪಿತು.

ಈ ಕಥೆ ಸುಮ್ನೆ ಹೇಳಿದ್ದಲ್ಲ. ಮನೆಯಲ್ಲಿ ನಾವು ಕಾಟ ಅನ್ನುವುದೆಲ್ಲ ಇದರ ಹಳೆಯ ಉದ್ಯೋಗ. ಕಂಡದ್ದನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ತಿರುಗುವುದು, ನೀರು ಕಂಡರೆ ಬೀಳುವುದು, ಎಷ್ಟು ಓಡಿದರೂ ಸಾಕು ಅನ್ನದಿರುವುದು, ಮನುಷ್ಯರ ಕಾಲಿಗೆ ಅಂಟಿಕೊಂಡೇ ಇರುವುದು. ಬಿಡಿಸಲು ಹೊರಟರೆ ಸೋಲುತ್ತೀರಿ. ಅದೇ ಉದ್ಯೋಗವನ್ನು ಮನೆಗೆ ಹೊಂದುವ ಹಾಗೆ ಬದಲಿಸಿ ಕೊಡಬೇಕು.

ಬಾಲದ ಬಗ್ಗೆಯೂ ಒಂದು ಮಾತು. ನಾಯಿ ಬಾಲ ಡೊಂಕು ಅನ್ನುವ ಗಾದೆ ಲ್ಯಾಬ್‌ಗೆ ಹೊಂದುವುದಿಲ್ಲ. ಇದರ ಬಾಲ ಬುಡದಲ್ಲಿ ದಪ್ಪ, ನೆಟ್ಟಗೆ, ಈಜುವಾಗ ದೋಣಿಯ ಚುಕ್ಕಾಣಿಯ ಹಾಗೆ. ಮನೆಯೊಳಗೆ ಅದು ಸರಿಯಾಗಿ ಟೀಪಾಯಿ ಮೇಲಿನ ಲೋಟದ ಎತ್ತರಕ್ಕೇ ಇರುತ್ತದೆ.

ದೊಡ್ಡದಾದ ಮೇಲೆ 25ರಿಂದ 36 ಕಿಲೋ ತೂಗುತ್ತದೆ. ಮೈ ಒಂದೂವರೆ ವರ್ಷದೊಳಗೆ ಬೆಳೆದು ನಿಲ್ಲುತ್ತದೆ, ತಲೆ ಬಲಿಯುವುದಕ್ಕೆ 2ರಿಂದ 3 ವರ್ಷ. ಅಂದರೆ ನಡುವೆ ಒಂದು ಒಂದೂವರೆ ವರ್ಷ ನಿಮ್ಮ ಮನೆಯಲ್ಲಿ 30 ಕಿಲೋದ ಮಗು ಇರುತ್ತದೆ. ವರ್ಷವಿಡೀ ಕೂದಲು ಉದುರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅಂದರೆ, ದಯವಿಟ್ಟು ಈ ಮರಿ ಬೇಡ.

ಹಂತ 2: ಮರಿಗಿಂತ ಮೊದಲು ತಾಯಿಯನ್ನು ನೋಡಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಲ್ಯಾಬ್ ವಿಷಯದಲ್ಲಿ ಇದನ್ನು ಅಕ್ಷರಶಃ ತೆಗೆದುಕೊಳ್ಳಿ. ತಾಯಿ ಇರುವ ಜಾಗದಲ್ಲೇ ಮರಿಗಳನ್ನು ನೋಡಬೇಕು. ಹೊಸಬರು ಬಂದಾಗ ತಾಯಿ ಹೇಗಿರುತ್ತದೆ? ಬಾಲ ಆಡಿಸಿ, ಮೂಸಿ, ಆಮೇಲೆ ಹೋಗಿ ಮಲಗುತ್ತದಾ? ಅಥವಾ ಇಡೀ ಹೊತ್ತು ಗೋಡೆ ಹತ್ತಿ ಇಳಿಯುತ್ತದಾ? ಮೂಲೆಯಲ್ಲಿ ಮುದುರಿ ಗುರ್ ಅನ್ನುತ್ತದಾ? 2 ತಿಂಗಳ ಮರಿಯ ಒಂದು ದಿನದ ಆಟ ನೋಡಿ ಅದು ದೊಡ್ಡದಾದಾಗ ಹೇಗಿರುತ್ತದೆ ಅಂತ ಖಚಿತವಾಗಿ ಹೇಳಲಾಗದು. ತಾಯಿಯನ್ನು ನೋಡಿದರೆ ಅಂದಾಜು ಸಿಗುತ್ತದೆ. “ತಾಯಿ ಬೇರೆ ಕಡೆ ಇದೆ”, “ಈಗಷ್ಟೇ ವಾಕಿಂಗ್ ಹೋಗಿದೆ” ಅಂದರೆ ನಮಸ್ಕಾರ ಹೇಳಿ ಹೊರಡಿ.

ಇನ್ನೊಂದು ಪ್ರಶ್ನೆ ಬಹಳ ಮುಖ್ಯ: ಇವು ಶೋ ಸಾಲಿನವಾ, ಕೆಲಸದ ಸಾಲಿನವಾ? ಪ್ರದರ್ಶನಕ್ಕೆ ಬೆಳೆಸಿದ ಸಾಲಿನ ನಾಯಿಗಳು ಗಿಡ್ಡ, ಅಗಲ ಎದೆ, ದಪ್ಪ ತಲೆ. ಬೇಟೆ ಮತ್ತು ಸ್ಪರ್ಧೆಗೆ ಬೆಳೆಸಿದ ಸಾಲಿನವು ಸಣ್ಣ ಮೈಕಟ್ಟು, ಉದ್ದ ಕಾಲು. ಸಾಮಾನ್ಯವಾಗಿ ಎರಡನೇ ಸಾಲಿನದರ ಹುರುಪು ಜಾಸ್ತಿ. ದಿನಾ ಅದರ ಜೊತೆ ಬಯಲಲ್ಲಿ ಕೆಲಸ ಮಾಡುವವರಿಗೆ ಅದು ಚಿನ್ನ. ಮೊದಲ ಸಲ ನಾಯಿ ಸಾಕುವ ಮನೆಗೆ ಶೋ ಸಾಲಿನದೇ ಸಲೀಸು. ನನ್ನ ಮೊದಲನೆಯದು ಯಾವ ಸಾಲಿನದು ಅಂತ ಕೇಳಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಕಾಗದಪತ್ರ. ವಂಶಾವಳಿ ಪತ್ರ ಇದ್ದ ಮಾತ್ರಕ್ಕೆ ಮರಿ ಆರೋಗ್ಯವಾಗಿದೆ ಅಂತಲ್ಲ, ಅದು ಬರೀ ಜಾತಕ. ಕೇಳಬೇಕಾದ್ದು ತಂದೆತಾಯಿಯ ಪರೀಕ್ಷೆಯ ವರದಿ. ಸೊಂಟದ ಕೀಲು ಮತ್ತು ಮೊಣಕೈ ಕೀಲಿನ ಎಕ್ಸ್‌ರೇ, ಕಣ್ಣಿನ ತಪಾಸಣೆ, ಅದರ ಜೊತೆಗೆ 2 ಡಿಎನ್‌ಎ ಪರೀಕ್ಷೆ. ಒಂದು, ನಿಧಾನಕ್ಕೆ ಕುರುಡಾಗಿಸುವ ಪಿಆರ್‌ಎ ಕಾಯಿಲೆಗೆ. ಇನ್ನೊಂದು ಇಐಸಿಗೆ. ಇಐಸಿ ಇರುವ ನಾಯಿ ಕೆಲವು ನಿಮಿಷ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿಯುತ್ತದೆ. ಇದರ ದೋಷ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ತೊಂದರೆ. ಹಾಗಾಗಿ ಒಬ್ಬರ ವರದಿಯಾದರೂ ಶುದ್ಧ ಇರಬೇಕು. ಸೊಂಟ, ಮೊಣಕೈ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಇಬ್ಬರದೂ ಚೆನ್ನಾಗಿರಬೇಕು. ಒಳ್ಳೆಯ ಬ್ರೀಡರ್ (ಮರಿ ಹಾಕಿಸಿ ಮಾರುವವರು) ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ತಿರುಗಿ ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ.

ಹಂತ 3: ಮರಿಗಳ ನಡುವೆ ಒಂದು ಗಂಟೆ ಕೂತುಕೊಳ್ಳಿ

ಆಗಲೇ ಹೇಳಿದೆನಲ್ಲ, ಮೊದಲು ಓಡಿ ಬಂದದ್ದನ್ನು ಎತ್ತಿಕೊಳ್ಳಬೇಡಿ. ಮೂಲೆಯಲ್ಲಿ ನಡುಗುವುದನ್ನು “ಪಾಪ” ಅಂತ ತರುವುದೂ ಬೇಡ. ಬೇಕಾದ್ದು ನಡುವಿನದು. ನೆಲದ ಮೇಲೆ ಕೂತು ಸುಮ್ನೆ ನೋಡಿ. ಮೊದಲ ಹತ್ತು ನಿಮಿಷದ ಗಲಾಟೆ ಲೆಕ್ಕಕ್ಕಿಲ್ಲ. ಗಲಾಟೆ ಮುಗಿದ ಮೇಲೆ ಯಾರು ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಸಾಧ್ಯವಾದರೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ನಿದ್ದೆಗಣ್ಣಿನ ಮರಿಯನ್ನು “ಎಷ್ಟು ಶಾಂತ” ಅಂತ ತಂದವರನ್ನೂ ನೋಡಿದ್ದೇನೆ.

ನಾನು ಎರಡನೇ ಸಲ ಮಾಡಿದ್ದು ಇಷ್ಟು. ಬೀಗದ ಕೈ ಗೊಂಚಲನ್ನು ಸ್ವಲ್ಪ ದೂರ ನೆಲಕ್ಕೆ ಬೀಳಿಸಿದೆ. ಬೆಚ್ಚಿದರೆ ತಪ್ಪಿಲ್ಲ, ಬೆಚ್ಚಿದ ಮೇಲೆ ಎಷ್ಟು ಬೇಗ ಬಂದು ಮೂಸುತ್ತದೆ ಅನ್ನುವುದು ಮುಖ್ಯ. ಒಂದೊಂದನ್ನೇ ಎತ್ತಿ ಎದೆಗೆ ಒರಗಿಸಿಕೊಂಡೆ. ಒಂದು ಕ್ಷಣ ಒದ್ದಾಡಿ ಸಡಿಲವಾಗುವ ಮರಿ ಒಳ್ಳೆಯದು. ಒಂದು ಕಾಗದದ ಉಂಡೆ ಉರುಳಿಸಿದೆ. ಬೆನ್ನಟ್ಟಿ ಹೋಗಿ, ಬಾಯಲ್ಲಿ ಹಿಡಿದು, ನನ್ನ ಕಡೆಗೇ ತಿರುಗಿದ ಒಂದು ಮರಿ ಇತ್ತು. ಅದನ್ನೇ ತಂದೆ.

ದೇಹದ ತಪಾಸಣೆಗೆ ಜಾಸ್ತಿ ಹೊತ್ತು ಬೇಡ. ಕಣ್ಣಲ್ಲಿ ಪಿಸುರು ಇರಬಾರದು, ಕಿವಿ ವಾಸನೆ ಹೊಡೆಯಬಾರದು, ಹಿಂಭಾಗ ಒಣಗಿರಬೇಕು. ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಬಲೂನಿನ ಹಾಗಿದ್ದರೆ ಜಂತುಹುಳು ಇರಬಹುದು. ಬಣ್ಣ ಕಪ್ಪು, ಹಳದಿ, ಚಾಕೊಲೇಟ್, ಯಾವುದಾದರೂ ಸರಿ. “ಅಪರೂಪದ ಬಣ್ಣ” ಅಂತ ಹೆಚ್ಚು ಹಣ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ. ಗಂಡು, ಹೆಣ್ಣು ಅಂತ ತಲೆ ಕೆಡಿಸಿಕೊಳ್ಳುವುದೂ ಬೇಡ. ಆದರೆ ಒಂದೇ ಸೂಲಿನ 2 ಮರಿ ಒಟ್ಟಿಗೆ ತರಬೇಡಿ. ಒಂದಕ್ಕೊಂದು ಜೊತೆಯಾಗುತ್ತವೆ ನಿಜ, ನಿಮ್ಮ ಮಾತು ಮಾತ್ರ ಯಾವುದಕ್ಕೂ ಕೇಳಿಸುವುದಿಲ್ಲ.

8 ವಾರ ತುಂಬುವ ಮೊದಲು ಮರಿಯನ್ನು ತರಬಾರದು. ಕಚ್ಚಿದರೆ ನೋವಾಗುತ್ತದೆ ಅನ್ನುವ ಮೊದಲ ಪಾಠವನ್ನು ಅದು ತಾಯಿಯ ಮತ್ತು ಒಡಹುಟ್ಟುಗಳ ಹತ್ತಿರ ಕಲಿಯುವುದು ಆ ವಾರಗಳಲ್ಲೇ. ಬೇಗ ತಂದರೆ ಆ ಪಾಠ ನಿಮ್ಮ ಕೈಬೆರಳ ಮೇಲೆ ನಡೆಯುತ್ತದೆ.

ಹಂತ 4: ಮೊದಲ ತಿಂಗಳು ನಿದ್ದೆ ಮುಖ್ಯ

ಹೊಸ ಮರಿ ದಿನಕ್ಕೆ ಸುಮಾರು 18 ಗಂಟೆ ಮಲಗಬೇಕು. ಇದನ್ನು ಯಾರೂ ನಂಬುವುದಿಲ್ಲ. ಮರಿ ಬಂತು ಅಂತ ಮನೆಯವರೆಲ್ಲ ಸರದಿಯ ಮೇಲೆ ಆಡಿಸುತ್ತಾರೆ. ಸಂಜೆ ಏಳಕ್ಕೆ ಅದು ಕಿವಿ ಹಿಂದಕ್ಕೆ ಮಡಚಿ, ಬೆನ್ನು ಬಿಲ್ಲಾಗಿಸಿ, ಕೋಣೆಯಿಂದ ಕೋಣೆಗೆ ಬಾಣದ ಹಾಗೆ ಓಡುತ್ತದೆ, ಸಿಕ್ಕವರ ಪಾದ ಕಚ್ಚುತ್ತದೆ. “ಇನ್ನೂ ಶಕ್ತಿ ಇದೆ, ಆಡಿಸಿ” ಅನ್ನುತ್ತಾರೆ. ಅದು ಶಕ್ತಿಯಲ್ಲ, ನಿದ್ದೆಗೆಟ್ಟ ಕೂಸಿನ ರಚ್ಚೆ. ಕ್ರೇಟ್ (ಬಾಗಿಲಿರುವ ನಾಯಿಗೂಡು) ಅಥವಾ ಸಣ್ಣ ಕಟಕಟೆಯೊಳಗೆ ಮಲಗಲು ಮೊದಲ ದಿನದಿಂದ ಅಭ್ಯಾಸ ಮಾಡಿಸಿ. ಒಂದು ಗಂಟೆ ಎಚ್ಚರ, ಒಂದೂವರೆ ಎರಡು ಗಂಟೆ ನಿದ್ದೆ, ಹೀಗೆ ಹಗಲು ಉರುಳಲಿ. ಆದರೆ ಕ್ರೇಟನ್ನು ಶಿಕ್ಷೆಗೆ ಬಳಸಲೇಬೇಡಿ.

ಎದ್ದ ಕೂಡಲೇ, ತಿಂದ ಕೂಡಲೇ, ಆಟ ಮುಗಿದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ. ಒಳಗೆ ಉಚ್ಚೆ ಹೊಯ್ದರೆ ಒರೆಸಿ, ಅಷ್ಟೇ. ಮೂತಿ ಹಿಡಿದು ತಿಕ್ಕುವ ಹಳೇ ಪದ್ಧತಿಯಿಂದ ಮರಿ ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದ ಹಾಗೆ ಸೋಫಾ ಹಿಂದೆ ಹೋಗಿ ಮಾಡುವುದು.

ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 2ರಿಂದ 4 ವಾರಕ್ಕೊಮ್ಮೆ, 16 ವಾರದವರೆಗೆ ನಡೆಯುತ್ತದೆ. ಆದರೆ ಲೋಕವನ್ನು ಹೆದರದೆ ನೋಡಲು ಕಲಿಯುವ ಕಾಲವೂ ಸುಮಾರು 3ರಿಂದ 14 ವಾರ. ಲಸಿಕೆ ಮುಗಿಯಲಿ ಅಂತ ಬಾಗಿಲು ಹಾಕಿ ಕೂತರೆ ಆ ಕಾಲ ಕಳೆದುಹೋಗುತ್ತದೆ. ಎತ್ತಿಕೊಂಡು ತೋರಿಸಿ: ಛತ್ರಿ, ಟೋಪಿ, ಗಡ್ಡ, ಸೈಕಲ್, ಮಿಕ್ಸಿಯ ಸದ್ದು, ಮಕ್ಕಳ ಕೂಗು. ಬೀದಿಯ ನೆಲಕ್ಕೆ ಯಾವಾಗ ಬಿಡಬಹುದು ಅನ್ನುವುದನ್ನು ನಿಮ್ಮ ವೆಟ್, ಅಂದರೆ ಪಶುವೈದ್ಯರು, ಹೇಳಲಿ.

ಹಂತ 5: ಬಾಯಿಗೆ ಕೆಲಸ

3 ತಿಂಗಳು ದಾಟುತ್ತಿದ್ದಂತೆ ಹಾಲುಹಲ್ಲು ಬೀಳತೊಡಗುತ್ತದೆ. 6-7 ತಿಂಗಳಿಗೆ 42 ಹಲ್ಲು ಪೂರ್ತಿ ಬರುತ್ತದೆ. ನಡುವೆ ಒಸಡು ತುರಿಸುತ್ತದೆ. ಒದ್ದೆ ಬಟ್ಟೆ ತಿರುಚಿ ಫ್ರೀಜರ್‌ನಲ್ಲಿಟ್ಟು ಕೊಡಿ, ನೀವು ಜೊತೆಗಿದ್ದಾಗ ಮಾತ್ರ. ಗಟ್ಟಿ ರಬ್ಬರ್ ಆಟಿಕೆಯೊಳಗೆ ಅದರ ಊಟವನ್ನೇ ನೆನೆಸಿ ತುಂಬಿ ಕೊಡಿ. ಕೈ ಕಚ್ಚಿದರೆ ಆಟ ನಿಲ್ಲಿಸಿ, ಎದ್ದು ಅರ್ಧ ನಿಮಿಷ ಆಚೆ ಹೋಗಿ. ಕಿರುಚಿದರೆ ಕೆಲವು ಲ್ಯಾಬ್ ಮರಿಗಳಿಗೆ ಇನ್ನೂ ಹುಮ್ಮಸ್ಸು ಬರುತ್ತದೆ.

ಕದ್ದ ವಸ್ತುವಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಮೊದಲ ನಾಯಿ ಕಾಲ್ಚೀಲ ಕಚ್ಚಿಕೊಂಡು ಬಂದಾಗಲೆಲ್ಲ ನಾನು ಕೂಗುತ್ತಾ ಅಟ್ಟಿಸಿಕೊಂಡು ಹೋಗುತ್ತಿದ್ದೆ. ಅದಕ್ಕೆ ಅದು ದಿನದ ಅತಿ ಒಳ್ಳೆಯ ಆಟ. ಕೈಗೆ ಸಿಕ್ಕಿಬಿದ್ದರೆ ಕಾಲ್ಚೀಲ ಹೋಗುತ್ತದೆ ಅಂತಲೂ ಕಲಿಯಿತು. ಒಂದು ದಿನ ಮಂಚದ ಕೆಳಗೆ ಅದರ ಬಾಯಿಯ ಅಂಚಿನಲ್ಲಿ ಬೂದು ಬಣ್ಣದ ಹಿಮ್ಮಡಿ ಮಾತ್ರ ಕಾಣುತ್ತಿತ್ತು. ನಾನು ಕೈ ಚಾಚಿದೆ, ಅದು ನನ್ನ ಮುಖವನ್ನೇ ನೋಡುತ್ತಾ ಗುಟುಕ್ ಅಂತ ನುಂಗಿತು. 2 ದಿನ ಬಿಟ್ಟು ಆಪರೇಷನ್ ಆಯಿತು. ಡಾಕ್ಟರು ಕಾಲ್ಚೀಲವನ್ನು ಕವರಿನಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

ಎರಡನೆಯದಕ್ಕೆ ವಿನಿಮಯ ಕಲಿಸಿದೆ. ಏನೇ ಕಚ್ಚಿಕೊಂಡು ಬರಲಿ, “ಭಲೇ, ಏನು ತಂದಿದ್ದೀಯ!” ಅಂತ ಕೂತುಕೊಳ್ಳುತ್ತೇನೆ. ಮೂಗಿನ ಹತ್ತಿರ ತಿಂಡಿಯ ಚೂರು ಹಿಡಿಯುತ್ತೇನೆ. ಬಾಯಿ ತೆರೆದಾಗ “ಕೊಡು” ಅನ್ನುತ್ತೇನೆ. ಅಪಾಯದ ವಸ್ತುವಲ್ಲದಿದ್ದರೆ ತಿಂಡಿ ಕೊಟ್ಟು ಅದನ್ನೂ ವಾಪಸ್ ಕೊಡುತ್ತೇನೆ. ಕೊಟ್ಟರೆ ಕಳೆದುಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ನುಂಗುವ ಅವಸರವೇ ಹೋಯಿತು. ಈಗ ಮನೆಯಲ್ಲಿ ಕಾಣೆಯಾದ ಚಪ್ಪಲಿಯನ್ನು ಹುಡುಕಿ ತರುವುದು ಅದರ ಕೆಲಸ. ಅಡಗಿಸುವುದೂ ಅದೇ, ಆ ಮಾತು ಬೇರೆ.

ಹಂತ 6: ದಣಿಸಬೇಡಿ, ಮೂಗಿಗೆ ಕೆಲಸ ಕೊಡಿ

ಲ್ಯಾಬ್ ತಂದವರೆಲ್ಲ ಮಾಡುವ ತಪ್ಪು ಒಂದಿದೆ. ಹುರುಪು ಜಾಸ್ತಿ, ಹಾಗಾಗಿ ಓಡಿಸಿ ಸುಸ್ತು ಮಾಡೋಣ ಅನ್ನುವುದು. ನಾನು ದಿನಾ ಐವತ್ತು ಸಲ ಚೆಂಡು ಎಸೆದೆ. 3 ತಿಂಗಳಲ್ಲಿ ತಯಾರಾದದ್ದು ಐವತ್ತು ಎಸೆತಕ್ಕೂ ದಣಿಯದ ಕ್ರೀಡಾಪಟು. ಮನೆಗೆ ಬಂದ ಮೇಲೂ ಏದುಸಿರು ಬಿಡುತ್ತಾ ಚೆಂಡಿಟ್ಟ ಕಪಾಟನ್ನೇ ನೋಡುತ್ತಾ ನಿಲ್ಲುತ್ತಿತ್ತು. ಕೀಲಿಗೂ ಅದು ಒಳ್ಳೆಯದಲ್ಲ. ಲ್ಯಾಬ್ರಡಾರ್ ಸೇರಿ 4 ದೊಡ್ಡ ತಳಿಗಳ ಮೇಲೆ ನಾರ್ವೆಯಲ್ಲಿ ನಡೆದ ಅಧ್ಯಯನದಲ್ಲಿ, 3 ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚಿತ್ತು. ಮೆತ್ತಗಿನ ನೆಲದಲ್ಲಿ ಹಗ್ಗವಿಲ್ಲದೆ ತಮ್ಮ ಪಾಡಿಗೆ ಓಡಾಡಿದ ಮರಿಗಳಲ್ಲಿ ಕಡಿಮೆ. ಅಂದರೆ ಓಟ ಬೇಡ ಅಂತಲ್ಲ. ಮರಿ ತಾನೇ ಓಡಿ, ತಾನೇ ನಿಲ್ಲಲಿ. ಜಾಗಿಂಗ್, ಗಟ್ಟಿ ನೆಲದ ಮೇಲೆ ಎತ್ತರದಿಂದ ಜಿಗಿತ, ಬ್ರೇಕ್ ಹಾಕಿ ತಿರುಗುವ ಚೆಂಡಾಟ, ಇವೆಲ್ಲ ಮೂಳೆ ಬಲಿಯುವ ಒಂದು ಒಂದೂವರೆ ವರ್ಷದವರೆಗೆ ಬೇಡ.

ಬದಲಿಗೆ ಮೂಗು. ಒಂದು ಹಿಡಿ ಊಟವನ್ನು ಬಟ್ಟಲಿಗೆ ಹಾಕದೆ ಹುಲ್ಲಿನ ಮೇಲೆ ಎರಚಿ. ಕೊನೆಯ ಕಾಳು ಸಿಗುವವರೆಗೆ ತಲೆ ಮೇಲೆತ್ತುವುದಿಲ್ಲ. ಮುಗಿದ ಮೇಲೆ ತಾನಾಗಿ ಮಲಗುತ್ತದೆ. ಹಳೇ ಟವೆಲಿನಲ್ಲಿ ತಿಂಡಿ ಸುತ್ತಿ ಕೊಡಿ. ಆಟಿಕೆಯನ್ನು ಅದು ನೋಡುವಾಗಲೇ ಕುರ್ಚಿ ಹಿಂದೆ ಇಟ್ಟು “ಹುಡುಕು” ಅನ್ನಿ. ಒಂದು ವಾರದಲ್ಲಿ ನೋಡದಿದ್ದರೂ ಹುಡುಕುತ್ತದೆ. ವಾಕಿಂಗ್‌ನಲ್ಲಿ ಕಂಬಕಂಬಕ್ಕೂ ಮೂಸಲು ಬಿಡಿ. ನಿಮಗೆ ಬೇಜಾರು, ಅದಕ್ಕೆ ದಿನಪತ್ರಿಕೆ. ಎಸೆದು ತರಿಸುವ ಆಟವನ್ನೂ ಪೂರ್ತಿ ಬಿಡಬೇಕಿಲ್ಲ, ಅದರ ಜಾತಿಕಸುಬು ಅದು. ಎಸೆಯಿರಿ, ಕಾಯಲು ಹೇಳಿ, ಬಿದ್ದು ನಿಂತ ಮೇಲೆ ಕಳಿಸಿ. ಐದಾರು ಸಲ ಸಾಕು.

ಇದಕ್ಕಿಂತ ಮುಖ್ಯವಾದದ್ದು ಸುಮ್ಮನಿರುವುದನ್ನು ಕಲಿಸುವುದು. ಒಂದು ಚಾಪೆ ಹಾಸಿ, ಪಕ್ಕದಲ್ಲಿ ಕೂತುಕೊಳ್ಳಿ. ಮರಿ ಚಾಪೆ ಮೇಲೆ ಕಾಲಿಟ್ಟರೆ ಒಂದು ಕಾಳು. ಕೂತರೆ ಒಂದು. ಮಲಗಿದರೆ ಮುಂಗಾಲುಗಳ ನಡುವೆ ಒಂದು. ಮಾತು ಬೇಡ, ಹೊಗಳಿಕೆ ಬೇಡ. ಸ್ವಲ್ಪ ಹೊತ್ತಿಗೆ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಗದ್ದ ನೆಲಕ್ಕೆ ತಾಗುತ್ತದೆ, ಮೂಗಿನಿಂದ ಉದ್ದ ಉಸಿರು ಬರುತ್ತದೆ. ಆ ಉಸಿರಿಗೇ ಒಂದು ಕಾಳು. ದಿನಕ್ಕೆ 5 ನಿಮಿಷದಂತೆ ತಿಂಗಳುಗಟ್ಟಲೆ ಮಾಡಿದೆ. ನಾನು ಕಲಿಸಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಮೈಮೇಲೆ ಹಾರುವುದಕ್ಕೆ ಮದ್ದು ಸುಲಭ, ಮನೆಯವರನ್ನು ಒಪ್ಪಿಸುವುದು ಕಷ್ಟ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದು, ಹಾರಿದರೆ ಬೆನ್ನು ತಿರುಗಿಸುವುದು. 5 ಕಿಲೋ ಇದ್ದಾಗ ಹಾರಿದ್ದನ್ನು ಮುದ್ದು ಮಾಡಿ, 30 ಕಿಲೋ ಆದಾಗ ಬೈದರೆ ಅದಕ್ಕೇನು ಅರ್ಥವಾಗಬೇಕು, ಅಲ್ವಾ? ಹಗ್ಗ ಎಳೆದಾಗಲೂ ಅಷ್ಟೇ: ಹಗ್ಗ ಬಿಗಿಯಾದರೆ ನಿಲ್ಲಿ, ಸಡಿಲವಾದರೆ ನಡೆಯಿರಿ. ಮೊದಲ ವಾರ ಗೇಟು ದಾಟಲು ಕಾಲು ಗಂಟೆ ಬೇಕಾಗಬಹುದು.

ಹಂತ 7: ಬಟ್ಟಲಿನ ಲೆಕ್ಕ

ಇಷ್ಟೆಲ್ಲ ತಿಂಡಿ ಕೊಟ್ಟರೆ ದಪ್ಪ ಆಗಲ್ವಾ? ಆಗುತ್ತದೆ. ಹಾಗಾಗಿ ದಿನದ ಊಟವನ್ನು ಬೆಳಿಗ್ಗೆಯೇ ತೂಗಿ ಡಬ್ಬಿಯಲ್ಲಿಡಿ, ಕಲಿಸುವ ಕಾಳುಗಳೆಲ್ಲ ಅದರಿಂದಲೇ ಹೋಗಲಿ. ಲ್ಯಾಬ್ ಹಸಿವು ನಾಟಕವಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಸುಮಾರು 4ರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಅನ್ನುವ ಜೀನಿನಲ್ಲಿ ಒಂದು ತುಂಡು ಇರುವುದಿಲ್ಲ. ಅಂಥ ನಾಯಿಗಳಿಗೆ ಊಟದ ಆಸೆ ಹೆಚ್ಚು, ತೂಕವೂ ಹೆಚ್ಚು. ಆದರೆ ಅದರ ಕಣ್ಣಿಗೆ ಕರಗಬೇಡಿ. 48 ಲ್ಯಾಬ್ರಡಾರ್‌ಗಳನ್ನು ಮರಿಯಾಗಿದ್ದಾಗಿನಿಂದ ಕೊನೆವರೆಗೆ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಶೇ 25ರಷ್ಟು ಕಡಿಮೆ ತಿಂದ ಗುಂಪು ಸುಮಾರು 2 ವರ್ಷ ಹೆಚ್ಚು ಬದುಕಿತು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು.

ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಝೈಲಿಟಾಲ್ ಅನ್ನುವ ಸಕ್ಕರೆ ಬದಲಿ ಸಿಹಿ ಹಾಕಿದ ಚ್ಯೂಯಿಂಗ್ ಗಮ್, ಇವು ವಿಷ. ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯದೆ ವೆಟ್‌ಗೆ ಫೋನ್ ಮಾಡಿ. ಬಿಸಿಲೇರಿದ ಹೊತ್ತಿನಲ್ಲಿ ಆಟ ಬೇಡ. ಲ್ಯಾಬ್ ತಾನಾಗಿ ನಿಲ್ಲಿಸುವುದಿಲ್ಲ, ಕುಸಿಯುವವರೆಗೂ ಚೆಂಡು ತರುತ್ತದೆ. ಕುಂಟುತ್ತಿದ್ದರೆ, ಮಲಗಿ ಏಳಲು ತಡಮಾಡಿದರೆ, ಆಟದ ನಡುವೆ ಹಿಂಗಾಲು ತೂರಾಡಿದರೆ “ಬೆಳೆಯುವ ಮರಿ” ಅಂತ ಸುಮ್ಮನಾಗದೆ ತೋರಿಸಿ.

ಹಂತ 8: ಕಲಿತದ್ದೆಲ್ಲ ಮರೆತಂತೆ ಆಡುವ ಕಾಲ

6 ತಿಂಗಳಿಂದ ಒಂದೂವರೆ ವರ್ಷದ ನಡುವೆ ಹರೆಯ ಬರುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲೇ. ನನ್ನ ಎರಡನೆಯದು 10ನೇ ತಿಂಗಳಲ್ಲಿ, ಕರೆದರೆ ತಲೆ ಎತ್ತಿ ನನ್ನನ್ನು ನೋಡುತ್ತಿತ್ತು, ಒಂದು ಕ್ಷಣ ಯೋಚಿಸುತ್ತಿತ್ತು, ಮತ್ತೆ ಪೊದೆ ಮೂಸಲು ಹೋಗುತ್ತಿತ್ತು. ಕೂಗಿ ಕೂಗಿ ಕರೆಯುವುದನ್ನು ಬಿಟ್ಟೆ. 10 ಮೀಟರ್ ಉದ್ದದ ಹಗ್ಗವನ್ನು ಕೊರಳಿಗಲ್ಲ, ಎದೆಯ ಬೆಲ್ಟಿಗೆ ಕಟ್ಟಿದೆ. ಮೊದಲ ತಿಂಗಳ ಪಾಠಕ್ಕೇ ವಾಪಸ್ ಹೋದೆ: 3 ಹೆಜ್ಜೆ ದೂರದಿಂದ ಒಂದೇ ಸಲ ಕರೆಯುವುದು, ಬಂದರೆ ಕೈತುಂಬ ಕೊಟ್ಟು ಮತ್ತೆ ಆಟಕ್ಕೆ ಬಿಡುವುದು. ಕರೆದಾಗಲೆಲ್ಲ ಹಗ್ಗ ಕಟ್ಟಿ ಮನೆಗೆ ಕರೆದೊಯ್ದರೆ ಯಾವ ನಾಯಿ ತಾನೇ ಬಂದೀತು?

ಆ ಹಗ್ಗ 5 ತಿಂಗಳು ಇತ್ತು. ಬಿಚ್ಚಿದ ಮೇಲೂ ಒಂದು ವಾರ, ಕರೆದರೆ ಓಡಿ ಬಂದು, ಹಗ್ಗದ ತುದಿ ಎಲ್ಲಿ ಅಂತ ತನ್ನ ಹಿಂದೆ ತಿರುಗಿ ನೋಡುತ್ತಿತ್ತು.